‘ಪ್ರಿಂಟ್ ಟು ಪಿಡಿಎಫ್’ ಕಾಣೆಯಾದಾಗ: ಹುಡುಕುವುದು ಎಲ್ಲಿ, ಮರಳಿ ತರುವುದು ಹೇಗೆ

ಅರ್ಜಿ ತುಂಬಿ ಮುಗಿದಿದೆ, ಕೊನೆಯ ದಿನ ಇಂದೇ. ಕಂಟ್ರೋಲ್ ಮತ್ತು ಪಿ ಒತ್ತಿ ಪ್ರಿಂಟರ್‌ಗಳ ಪಟ್ಟಿ ತೆರೆದರೆ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬ ಸಾಲೇ ಇಲ್ಲ. ನಿನ್ನೆಯವರೆಗೆ ಇತ್ತು. ಯಾರನ್ನು ಕೇಳಿದರೂ ಸಿಗುವ ಸಲಹೆಗಳು ಎರಡೇ: ‘ವಿಂಡೋಸ್ ಹೊಸದಾಗಿ ಹಾಕಿಸಿ’ ಅಥವಾ ‘ಯಾವುದಾದರೂ ಪಿಡಿಎಫ್ ತಂತ್ರಾಂಶ ಇಳಿಸಿಕೊಳ್ಳಿ’. ಬಹುಪಾಲು ಸಂದರ್ಭಗಳಲ್ಲಿ ಎರಡೂ ಅನಗತ್ಯ. ಮೊದಲನೆಯದು ನೆಗಡಿಗೆ ಶಸ್ತ್ರಚಿಕಿತ್ಸೆ ಮಾಡಿದಂತೆ. ಎರಡನೆಯದು ಕೆಲವೊಮ್ಮೆ ಹೊಸ ಕಾಯಿಲೆಯನ್ನೇ ಮನೆಗೆ ತರುತ್ತದೆ.

ಕಾಗದದ ಬದಲು ಪಿಡಿಎಫ್ ಕಡತ ಮಾಡಿಕೊಡುವ ಈ ಸೌಲಭ್ಯ ವಿಂಡೋಸ್‌ನ ಜೊತೆಗೇ ಬರತೊಡಗಿದ್ದು 2015ರಲ್ಲಿ, ವಿಂಡೋಸ್ 10ರೊಂದಿಗೆ. ವಿಂಡೋಸ್ 7 ಮತ್ತು 8ರಲ್ಲಿ ಅದು ಇರಲೇ ಇಲ್ಲ. ಅಲ್ಲಿದ್ದದ್ದು ಎಕ್ಸ್‌ಪಿಎಸ್ ಎಂಬ ಬೇರೆ ಬಗೆಯ ಕಡತ ಮಾಡುವ ಎಕ್ಸ್‌ಪಿಎಸ್ ಡಾಕ್ಯುಮೆಂಟ್ ರೈಟರ್ ಮಾತ್ರ. ಆದ್ದರಿಂದ ಹಳೆಯ ವಿಂಡೋಸ್ 7 ಯಂತ್ರದಲ್ಲಿ ಕಾಣೆಯಾದದ್ದನ್ನು ಹುಡುಕುತ್ತಿದ್ದರೆ, ಹಿಂದೆ ಅಲ್ಲಿ ಯಾರೋ ಹಾಕಿದ್ದ ಬೇರೆ ತಂತ್ರಾಂಶವೊಂದು ಅಳಿದುಹೋಗಿರುತ್ತದೆ. ಆ ಯಂತ್ರಕ್ಕೆ ಮುಂದಿನ ಬಹುತೇಕ ಹಂತಗಳು ಅನ್ವಯಿಸುವುದಿಲ್ಲ.

ಮೆನುಗಳ ಹೆಸರನ್ನು ಇಂಗ್ಲಿಷ್ ವಿಂಡೋಸ್‌ನಲ್ಲಿ ಕಾಣುವ ಹಾಗೆಯೇ ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ನಿಮ್ಮ ವಿಂಡೋಸ್ ಕನ್ನಡದಲ್ಲೇ ಇದ್ದರೆ ಹೆಸರುಗಳು ಬೇರೆ ಕಾಣುತ್ತವೆ. ಅವು ಇರುವ ಜಾಗ ಮಾತ್ರ ಅದೇ.

ಮೊದಲು ಇಂದಿನ ಕೆಲಸ ಮುಗಿಸಿ

ಪಿಡಿಎಫ್ ಮಾಡಲು ಆ ಪ್ರಿಂಟರ್ ಬೇಕೇ ಬೇಕು ಎಂದಿಲ್ಲ. ಅವಸರದಲ್ಲಿರುವವರು ದುರಸ್ತಿಯನ್ನು ನಾಳೆಗೆ ಇಟ್ಟುಕೊಂಡು ಅಡ್ಡದಾರಿ ಹಿಡಿಯಬಹುದು. ಅದು ಎಷ್ಟೋ ಸಲ ಮುಖ್ಯ ರಸ್ತೆಗಿಂತ ಚೆನ್ನಾಗಿಯೇ ಇರುತ್ತದೆ.

ಜಾಲತಾಣದ ಪುಟವಾದರೆ ಕ್ರೋಮ್ ಅಥವಾ ಎಡ್ಜ್‌ನಲ್ಲಿ ಕಂಟ್ರೋಲ್-ಪಿ ಒತ್ತಿ, ಪ್ರಿಂಟರ್ ಆರಿಸುವ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ. ಫೈರ್‌ಫಾಕ್ಸ್‌ನಲ್ಲಿ ಅದರ ಹೆಸರು ‘ಸೇವ್ ಟು ಪಿಡಿಎಫ್’. ಇದು ಬ್ರೌಸರ್‌ನದೇ ಸ್ವಂತ ಸೌಲಭ್ಯ, ವಿಂಡೋಸ್‌ನ ಪ್ರಿಂಟರ್ ಪಟ್ಟಿಯನ್ನು ನಂಬಿಕೊಂಡಿಲ್ಲ. ಹಾಗಾಗಿ ವಿಂಡೋಸ್‌ನ ಪಿಡಿಎಫ್ ಪ್ರಿಂಟರ್ ಅಳಿದುಹೋಗಿದ್ದರೂ ಇದು ಇರುತ್ತದೆ. ಬ್ರೌಸರ್‌ನಲ್ಲೂ ಕಾಣದಿದ್ದರೆ ಆ ಪಟ್ಟಿಯ ಕೊನೆಯ ‘ಸೀ ಮೋರ್’ ಒತ್ತಿ ನೋಡಿ. ಕಚೇರಿಯವರು ಬ್ರೌಸರ್‌ಗೆ ನಿರ್ಬಂಧ ಹಾಕಿರುವ ಸಾಧ್ಯತೆಯೂ ಇದೆ. ಗೂಗಲ್ ಕ್ಲೌಡ್ ಪ್ರಿಂಟ್ ಬಳಸುತ್ತಿದ್ದವರು ಅದನ್ನು ಹುಡುಕುವುದು ಬೇಡ. ಆ ಸೇವೆ 2020ರ ಡಿಸೆಂಬರ್ 31ಕ್ಕೇ ನಿಂತಿತು.

ವರ್ಡ್, ಎಕ್ಸೆಲ್‌ಗಳಲ್ಲಿ ಫೈಲ್ ಮೆನುವಿನ ‘ಸೇವ್ ಆ್ಯಸ್’ಗೆ ಹೋಗಿ, ಕಡತದ ಬಗೆಯನ್ನು ಪಿಡಿಎಫ್ ಎಂದು ಬದಲಿಸಿದರೆ ಸಾಕು. ಪ್ರಿಂಟ್ ಮಾಡಿ ಪಡೆದ ಪಿಡಿಎಫ್‌ಗಿಂತ ಹೀಗೆ ಉಳಿಸಿದ್ದು ಮೇಲು. ಕೊಂಡಿಗಳು ಒತ್ತಿದರೆ ತೆರೆಯುತ್ತವೆ, ಶೀರ್ಷಿಕೆಗಳು ಬುಕ್‌ಮಾರ್ಕ್‌ಗಳಾಗಿ ಉಳಿಯಬಲ್ಲವು, ದೃಷ್ಟಿದೋಷವುಳ್ಳವರ ಓದುವ ತಂತ್ರಾಂಶಕ್ಕೆ ಬೇಕಾದ ಗುರುತುಗಳೂ ಸೇರಿಕೊಳ್ಳುತ್ತವೆ. ಪ್ರಿಂಟ್ ಮಾಡಿದಾಗ ಇದ್ಯಾವುದೂ ದಾಟುವುದಿಲ್ಲ, ಕಾಗದದ ಮೇಲೆ ಕಾಣುವಷ್ಟು ಮಾತ್ರ ದಾಟುತ್ತದೆ. ಅರ್ಜಿಯ ಜಾಲತಾಣ ಕಡತದ ಗಾತ್ರಕ್ಕೆ ಮಿತಿ ಹಾಕಿದ್ದರೆ, ವರ್ಡ್‌ನ ಈ ಕಿಟಕಿಯಲ್ಲೇ ‘ಮಿನಿಮಮ್ ಸೈಜ್’ ಆಯ್ಕೆ ಇದೆ. ಇನ್ನೂ ಆಫೀಸ್ 2007 ಓಡಿಸುತ್ತಿರುವ ಕಚೇರಿಗಳಿವೆ. ಅದರ ಮೊದಲ ಆವೃತ್ತಿಯಲ್ಲಿ ಪಿಡಿಎಫ್ ಆಗಿ ಉಳಿಸಲು ಪ್ರತ್ಯೇಕ ಸೇರ್ಪಡೆ ಬೇಕಿತ್ತು, ಎರಡನೇ ಸರ್ವಿಸ್ ಪ್ಯಾಕ್‌ನಿಂದ ಅದು ಒಳಗೇ ಬಂತು.

ಲಿಬ್ರೆಆಫೀಸ್‌ನಲ್ಲಿ ಫೈಲ್ ಮೆನುವಿನಲ್ಲೇ ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ ಇದೆ. ಟ್ಯಾಲಿ ಪ್ರೈಮ್ ಬಳಸುವ ಲೆಕ್ಕಿಗರು ತೆರೆದ ವರದಿಯಲ್ಲಿ ಕಂಟ್ರೋಲ್-ಇ ಒತ್ತಿ, ಕಡತದ ಬಗೆಯಾಗಿ ಪಿಡಿಎಫ್ ಆರಿಸಿಕೊಳ್ಳಬಹುದು. ಬಿಲ್ಲು ಕಳಿಸಲು ಪಿಡಿಎಫ್ ಪ್ರಿಂಟರ್ ಸರಿಯಾಗುವವರೆಗೆ ಕಾಯಬೇಕಿಲ್ಲ.

ದಾರಿಯೇ ಇಲ್ಲದಿರುವುದು ಹಳೆಯ ತಂತ್ರಾಂಶಗಳನ್ನು ನೆಚ್ಚಿಕೊಂಡವರಿಗೆ. ಪ್ರಿಂಟ್ ಒಂದನ್ನು ಬಿಟ್ಟು ಬೇರೇನನ್ನೂ ಅರಿಯದ ಬಿಲ್ಲಿಂಗ್ ತಂತ್ರಾಂಶ, ಆಸ್ಪತ್ರೆಯ ವರದಿಯ ತಂತ್ರಾಂಶ, ಶಾಲೆಯ ಅಂಕಪಟ್ಟಿಯ ತಂತ್ರಾಂಶ ಇಂಥವು. ಉಳಿದ ಲೇಖನ ಮುಖ್ಯವಾಗಿ ಅವರಿಗಾಗಿ.

ಕಾಣೆಯಾದದ್ದು ಯಾವುದು ಎಂದು ಗುರುತಿಸುವುದು

‘ಪಿಡಿಎಫ್ ಬರುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಬೇರೆಬೇರೆ ಕಾರಣಗಳಿರುತ್ತವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಏನನ್ನೂ ಮುಟ್ಟುವ ಮೊದಲು ‘ಸೆಟ್ಟಿಂಗ್ಸ್’ ತೆರೆಯಿರಿ. ವಿಂಡೋಸ್ 11ರಲ್ಲಿ ‘ಬ್ಲೂಟೂತ್ ಅಂಡ್ ಡಿವೈಸಸ್’ ಒಳಗೆ, ವಿಂಡೋಸ್ 10ರಲ್ಲಿ ‘ಡಿವೈಸಸ್’ ಒಳಗೆ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಇರುತ್ತದೆ. ಅಲ್ಲಿನ ಪಟ್ಟಿ ನೋಡಿ.

ಒಂದೂ ಪ್ರಿಂಟರ್ ಇಲ್ಲ, ಮೇಜಿನ ಮೇಲಿರುವ ನಿಜವಾದ ಪ್ರಿಂಟರಿನ ಹೆಸರೂ ಇಲ್ಲ ಎಂದಾದರೆ ಮೊದಲು ಸಂಶಯಿಸಬೇಕಾದದ್ದು ಮುದ್ರಣದ ಸರದಿ ನೋಡಿಕೊಳ್ಳುವ ಸ್ಪೂಲರ್ ಸೇವೆಯನ್ನು. ಉಳಿದವೆಲ್ಲ ಇದ್ದು ಪಿಡಿಎಫ್ ಒಂದೇ ಇಲ್ಲದಿದ್ದರೆ, ಯಾರೋ ಅದನ್ನು ತೆಗೆದಿದ್ದಾರೆ ಅಥವಾ ಆ ಸೌಲಭ್ಯವೇ ಆಫ್ ಆಗಿದೆ. ಈ ಪಟ್ಟಿಯಲ್ಲಿದ್ದೂ ಒಂದು ತಂತ್ರಾಂಶದಲ್ಲಿ ಮಾತ್ರ ಕಾಣುತ್ತಿಲ್ಲ ಎಂದರೆ ಆ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ. ಎಷ್ಟೋ ತಂತ್ರಾಂಶಗಳು ಪ್ರಿಂಟರ್‌ಗಳ ಪಟ್ಟಿಯನ್ನು ಶುರುವಾಗುವಾಗ ಒಮ್ಮೆ ಓದಿಕೊಂಡು ಸುಮ್ಮನಾಗುತ್ತವೆ, ನಡುವೆ ಆದ ಬದಲಾವಣೆ ಅವುಗಳಿಗೆ ತಿಳಿಯುವುದಿಲ್ಲ. ಇನ್ನು ಹೆಸರಿದೆ, ಪ್ರಿಂಟ್ ಒತ್ತಿದರೆ ಕಡತ ಮಾತ್ರ ಸಿಗುತ್ತಿಲ್ಲ ಎಂಬ ತೊಂದರೆಯ ಸಂಗತಿಯೇ ಬೇರೆ. ಅದಕ್ಕೆ ಕೆಳಗೆ ಬರುತ್ತೇನೆ.

ಇನ್ನೊಂದು ಸಾಮಾನ್ಯ ಗೊಂದಲ ‘ಅಡೋಬಿ ಪಿಡಿಎಫ್’ ಎಂಬ ಪ್ರಿಂಟರಿನದು. ನಿಮಗೆ ನೆನಪಿರುವ ಹೆಸರು ಅದೇ ಆಗಿದ್ದರೆ ವಿಂಡೋಸ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಹಣ ಕೊಟ್ಟು ಪಡೆಯುವ ಆಕ್ರೋಬ್ಯಾಟ್‌ನ ಜೊತೆಗೆ ಬರುವಂಥದ್ದು. ಉಚಿತ ಆಕ್ರೋಬ್ಯಾಟ್ ರೀಡರ್ ಪಿಡಿಎಫ್ ಓದುತ್ತದೆ, ಪಿಡಿಎಫ್ ಪ್ರಿಂಟರನ್ನು ಕೊಡುವುದಿಲ್ಲ. ರೀಡರನ್ನು ಎಷ್ಟು ಸಲ ಅಳಿಸಿ ಹಾಕಿದರೂ ಆ ಸಾಲು ಮೂಡುವುದಿಲ್ಲ. ಆಕ್ರೋಬ್ಯಾಟ್‌ಗೆ ಹಣ ಕೊಟ್ಟಿದ್ದೂ ಅದು ಮಾಯವಾಗಿದ್ದರೆ, ಆಕ್ರೋಬ್ಯಾಟ್ ತೆರೆದು ‘ಹೆಲ್ಪ್’ ಮೆನುವಿನಲ್ಲಿರುವ ‘ರಿಪೇರ್ ಇನ್‌ಸ್ಟಾಲೇಷನ್’ ಒತ್ತಿ, ಕಂಪ್ಯೂಟರ್ ಮರುಪ್ರಾರಂಭಿಸಿ.

ಎಲ್ಲ ಪ್ರಿಂಟರ್‌ಗಳೂ ಮಾಯವಾಗಿದ್ದರೆ

ವಿಂಡೋಸ್ ಕೀ ಮತ್ತು ಆರ್ ಕೀ ಒಟ್ಟಿಗೆ ಒತ್ತಿದರೆ ಎಡ ಮೂಲೆಯಲ್ಲಿ ಪುಟ್ಟ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಸರ್ವಿಸಸ್’ ಎಂದು ಬರೆದು, ಚುಕ್ಕಿ ಇಟ್ಟು, ‘ಎಂಎಸ್‌ಸಿ’ ಸೇರಿಸಿ ಎಂಟರ್ ಒತ್ತಿ. ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಎಂದು ಹುಡುಕಿದರೂ ಅದೇ ಕಿಟಕಿ ಬರುತ್ತದೆ. ಉದ್ದನೆಯ ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಹುಡುಕಿ ಎರಡು ಬಾರಿ ಕ್ಲಿಕ್ಕಿಸಿ. ‘ಸ್ಟಾರ್ಟಪ್ ಟೈಪ್’ ಎದುರು ‘ಆಟೋಮ್ಯಾಟಿಕ್’ ಇರಬೇಕು, ಕೆಳಗೆ ‘ರನ್ನಿಂಗ್’ ಎಂದಿರಬೇಕು. ‘ಡಿಸೇಬಲ್ಡ್’ ಎಂದಿದ್ದರೆ ಆಟೋಮ್ಯಾಟಿಕ್‌ಗೆ ಬದಲಿಸಿ, ‘ಅಪ್ಲೈ’ ಒತ್ತಿ, ಆಮೇಲೆ ‘ಸ್ಟಾರ್ಟ್’ ಒತ್ತಿ.

ಅದು ತಾನಾಗಿ ಡಿಸೇಬಲ್ ಆಗುವ ಸೇವೆಯಲ್ಲ. ಯಾರೋ ಬೇಕೆಂದೇ ಮಾಡಿರುತ್ತಾರೆ, ಅದಕ್ಕೆ ಒಳ್ಳೆಯ ಕಾರಣವೂ ಇದ್ದಿರಬಹುದು. 2021ರ ಮಧ್ಯದಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಾದ ಭದ್ರತಾ ದೋಷವೊಂದು ಇದೇ ಸ್ಪೂಲರ್‌ನಲ್ಲಿ ಬಯಲಾಯಿತು. ಸರಿಪಡಿಸಿದ ಅಪ್‌ಡೇಟ್ ಕೈಗೆ ಬರುವ ಮುನ್ನ ಮೈಕ್ರೋಸಾಫ್ಟ್ ಸೂಚಿಸಿದ ತಾತ್ಕಾಲಿಕ ಉಪಾಯಗಳಲ್ಲಿ ಒಂದು, ಈ ಸೇವೆಯನ್ನೇ ನಿಲ್ಲಿಸುವುದು. ಆಗ ನಿಲ್ಲಿಸಿ, ಮತ್ತೆ ಶುರು ಮಾಡುವುದನ್ನು ಮರೆತ ಯಂತ್ರ ನಿಮ್ಮದಾಗಿರಬಹುದು. ಸ್ವಂತ ಕಂಪ್ಯೂಟರ್ ಆದರೆ ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಹಾಕಿಕೊಂಡು ಆಮೇಲೆ ಸ್ಪೂಲರ್ ಶುರು ಮಾಡಿ. ಕಚೇರಿಯದಾದರೆ ಕೈ ಹಾಕುವ ಮೊದಲು ಅದನ್ನು ನೋಡಿಕೊಳ್ಳುವವರನ್ನು ಕೇಳಿ.

ಶುರು ಮಾಡಿದ ಸೇವೆ ಕ್ಷಣದಲ್ಲೇ ಮತ್ತೆ ನಿಂತರೆ, ಅರ್ಧಕ್ಕೆ ಸಿಕ್ಕಿಕೊಂಡ ಯಾವುದೋ ಮುದ್ರಣ ಅದನ್ನು ಕೆಡವುತ್ತಿರಬಹುದು. ಅದೇ ಕಿಟಕಿಯಲ್ಲಿ ‘ಸ್ಟಾಪ್’ ಒತ್ತಿ ಸೇವೆ ನಿಂತಿದೆ ಎಂದು ಖಚಿತಪಡಿಸಿಕೊಳ್ಳಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಸಿ ಡ್ರೈವ್, ಅದರೊಳಗೆ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್‌ವರೆಗೆ ಹೋಗಿ. ಅದರೊಳಗಿನ ಕಡತಗಳನ್ನಷ್ಟೇ ಅಳಿಸಿ. ಫೋಲ್ಡರನ್ನೇ ಅಳಿಸಬಾರದು, ಪಕ್ಕದಲ್ಲಿರುವ ‘ಡ್ರೈವರ್ಸ್’ ಫೋಲ್ಡರನ್ನಂತೂ ಮುಟ್ಟಲೇಬಾರದು. ನಂತರ ಸೇವೆಯನ್ನು ಮತ್ತೆ ಶುರು ಮಾಡಿ. ಸರದಿಯಲ್ಲಿದ್ದ ಮುದ್ರಣಗಳೆಲ್ಲ ಇದರಿಂದ ರದ್ದಾಗುತ್ತವೆ. ಪಕ್ಕದ ಮೇಜಿನವರು ಅದೇ ಯಂತ್ರದ ಮೂಲಕ ಏನನ್ನಾದರೂ ಮುದ್ರಣಕ್ಕೆ ಕಳಿಸಿದ್ದಾರೆಯೇ ಎಂದು ಮುಂಚೆಯೇ ಕೇಳಿಬಿಡುವುದು ಒಳಿತು.

ಪಿಡಿಎಫ್ ಒಂದೇ ಇಲ್ಲದಿದ್ದರೆ

ಮೊದಲ ಪ್ರಯತ್ನ ಅತಿ ಸುಲಭದ್ದು, ಬಹಳಷ್ಟು ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಫೀಚರ್ಸ್’ ಎಂದು ಹುಡುಕಿದರೆ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಸಿಗುತ್ತದೆ. ತೆರೆದಾಗ ಪಟ್ಟಿ ತುಂಬಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎದುರಿನ ಚೌಕದಲ್ಲಿ ಗುರುತಿಲ್ಲದಿದ್ದರೆ ಗುರುತು ಹಾಕಿ ‘ಓಕೆ’ ಒತ್ತಿ, ಅಷ್ಟೇ. ಗುರುತು ಆಗಲೇ ಇದ್ದರೆ ಅದನ್ನು ತೆಗೆದು ಓಕೆ ಒತ್ತಿ, ಕಂಪ್ಯೂಟರ್ ಮರುಪ್ರಾರಂಭಿಸಿ, ಮತ್ತೆ ಅಲ್ಲಿಗೇ ಬಂದು ಗುರುತು ಹಾಕಿ. ನಡುವಿನ ಮರುಪ್ರಾರಂಭವನ್ನು ಹಾರಿಸುವವರೇ ಹೆಚ್ಚು. ಹಳೆಯ ತುಣುಕುಗಳು ಕಳಚಿಕೊಳ್ಳಲು ಅದು ಬೇಕು. ವಿಂಡೋಸ್ ಕೇಳದಿದ್ದರೂ ಮಾಡಿ.

ಇಲ್ಲಿ ಗುರುತು ಇದ್ದೂ ಪ್ರಿಂಟರ್ ಕಾಣದಿರುವುದು ಹೇಗೆ ಎಂಬ ಪ್ರಶ್ನೆ ಏಳಬಹುದು. ಸೌಲಭ್ಯ ಬೇರೆ, ಆ ಸೌಲಭ್ಯ ಬಳಸಿ ಪಟ್ಟಿಯಲ್ಲಿ ಕೂತಿರುವ ಪ್ರಿಂಟರ್ ಬೇರೆ. ಪಟ್ಟಿ ಚೊಕ್ಕಟ ಮಾಡುವ ಉತ್ಸಾಹದಲ್ಲಿ ಯಾರಾದರೂ ‘ರಿಮೂವ್’ ಒತ್ತಿದರೆ ಹೋಗುವುದು ಎರಡನೆಯದು ಮಾತ್ರ. ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ಪುಟ್ಟ ತಂತ್ರಾಂಶ, ಒಳಗೆ ಉಳಿದೇ ಇರುತ್ತದೆ. ಆಗ ಪ್ರಿಂಟರನ್ನು ಕೈಯಾರೆ ಸೇರಿಸಬಹುದು:

1. ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಪುಟದಲ್ಲಿ ‘ಆ್ಯಡ್ ಡಿವೈಸ್’ ಒತ್ತಿ. ವಿಂಡೋಸ್ 10ರಲ್ಲಿ ಇದು ‘ಆ್ಯಡ್ ಎ ಪ್ರಿಂಟರ್ ಆರ್ ಸ್ಕ್ಯಾನರ್’.

2. ವಿಂಡೋಸ್ ಸುತ್ತಮುತ್ತ ಹುಡುಕತೊಡಗುತ್ತದೆ. ಅದಕ್ಕೆ ಸಿಗುವುದು ಏನೂ ಇಲ್ಲ, ಆದರೂ ಕಾಯಬೇಕು. ಸ್ವಲ್ಪ ಹೊತ್ತಿನ ಮೇಲೆ ಬೇಕಾದ ಪ್ರಿಂಟರ್ ಪಟ್ಟಿಯಲ್ಲಿಲ್ಲ ಎಂಬರ್ಥದ ಸಾಲು ಮೂಡುತ್ತದೆ. ವಿಂಡೋಸ್ 11ರಲ್ಲಿ ಅದರ ಪಕ್ಕ ಕೈಯಾರೆ ಸೇರಿಸುವ ಗುಂಡಿ ಇರುತ್ತದೆ, 10ರಲ್ಲಿ ಆ ಸಾಲೇ ಕೊಂಡಿ.

3. ಮುಂದಿನ ಕಿಟಕಿಯಲ್ಲಿ ಕೊನೆಯ ಆಯ್ಕೆ, ‘ಮ್ಯಾನುಯಲ್ ಸೆಟ್ಟಿಂಗ್ಸ್’ ಎಂಬ ಪದಗಳಿರುವುದನ್ನು ಆರಿಸಿ.

4. ‘ಯೂಸ್ ಆ್ಯನ್ ಎಕ್ಸಿಸ್ಟಿಂಗ್ ಪೋರ್ಟ್’ ಎದುರಿನ ಪಟ್ಟಿಯಿಂದ ‘ಪೋರ್ಟ್‌ಪ್ರಾಂಪ್ಟ್’ ಎಂಬುದನ್ನು ಆರಿಸಿ.

5. ಎಡಗಡೆ ತಯಾರಕರ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್’, ಬಲಗಡೆ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿ.

6. ಈಗಾಗಲೇ ಇರುವ ಡ್ರೈವರನ್ನೇ ಬಳಸಲೇ ಎಂದು ಕೇಳಿದರೆ ಹೌದೆನ್ನಿ. ಹೆಸರು ಹಾಗೆಯೇ ಇರಲಿ. ಹಂಚಿಕೊಳ್ಳುವ ಆಯ್ಕೆ ಬೇಡ.

ನಾಲ್ಕನೆಯ ಹಂತವೇ ಇದರ ಜೀವಾಳ. ಪಟ್ಟಿಯಲ್ಲಿ ಮೊದಲೇ ಕೂತಿರುವ ‘ಎಲ್‌ಪಿಟಿ1’ ಎಂಬುದು ಹಳೆಯ ಕಾಲದ ಪ್ರಿಂಟರ್ ಕೇಬಲಿನ ಕಿಂಡಿ. ಅದನ್ನು ಹಾಗೆಯೇ ಬಿಟ್ಟು ಮುಂದೆ ಹೋದರೆ ಪ್ರಿಂಟರ್ ಪಟ್ಟಿಗೇನೋ ಸೇರುತ್ತದೆ, ಆದರೆ ನೀವು ಕಳಿಸಿದ್ದೆಲ್ಲ ಇಲ್ಲದ ಕೇಬಲ್ಲಿನ ದಾರಿ ಹಿಡಿದು ಸರದಿಯಲ್ಲೇ ಕೊಳೆಯುತ್ತದೆ. ‘ಫೈಲ್’ ಎಂಬ ಇನ್ನೊಂದು ಪೋರ್ಟನ್ನು ಆರಿಸಿ ಎನ್ನುವ ಸಲಹೆಯೂ ಚಲಾವಣೆಯಲ್ಲಿದೆ. ಅದರಲ್ಲಿ ಕಡತ ಹುಟ್ಟಬಹುದು, ಆದರೆ ಉಳಿಸುವ ಎಂದಿನ ಕಿಟಕಿ ಬರುವುದಿಲ್ಲ; ಪುಟ್ಟ ಪೆಟ್ಟಿಗೆಯಲ್ಲಿ ಹೆಸರು, ಹಿಂದಿನ ವಿಸ್ತರಣೆ ಎಲ್ಲವನ್ನೂ ನೀವೇ ಬರೆಯಬೇಕು. ಕಡತ ಎಲ್ಲಿ, ಯಾವ ಹೆಸರಿನಲ್ಲಿ ಎಂದು ಕೇಳುವ ಕೆಲಸ ಪೋರ್ಟ್‌ಪ್ರಾಂಪ್ಟ್‌ನದು. ಅದು ಪಟ್ಟಿಯಲ್ಲೇ ಇಲ್ಲದಿದ್ದರೆ ವಿಂಡೋಸ್ ಫೀಚರ್ಸ್‌ಗೆ ಹಿಂದಿರುಗಿ ಗುರುತು ನಿಜಕ್ಕೂ ಬಿದ್ದಿದೆಯೇ ನೋಡಿ.

ಐದನೆಯ ಹಂತದಲ್ಲಿ ತಯಾರಕರ ನಡುವೆ ಮೈಕ್ರೋಸಾಫ್ಟ್ ಹೆಸರು ಕಾಣದಿದ್ದರೆ ಅಲ್ಲೇ ಇರುವ ‘ವಿಂಡೋಸ್ ಅಪ್‌ಡೇಟ್’ ಗುಂಡಿ ಒತ್ತಿ ಕಾಯಿರಿ. ಕೆಲವು ನಿಮಿಷ ಹಿಡಿಯಬಹುದು, ಪಟ್ಟಿ ಆಮೇಲೆ ಹಿಗ್ಗುತ್ತದೆ.

ಡ್ರೈವರೇ ಕೆಟ್ಟಿದ್ದರೆ

ಮೇಲಿನದೆಲ್ಲ ಮಾಡಿದ ಮೇಲೂ ಪ್ರಿಂಟರ್ ಸೇರದೆ ದೋಷದ ಸಂದೇಶ ಬರುತ್ತಿದ್ದರೆ, ಅಥವಾ ಸೇರಿಯೂ ತೆರೆಯದಿದ್ದರೆ, ಡ್ರೈವರನ್ನು ಕಿತ್ತು ಮತ್ತೆ ಹಾಕಬೇಕು. ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಪುಟದ ಕೆಳಭಾಗದಲ್ಲಿ ಅಥವಾ ಬದಿಯಲ್ಲಿ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಎಂಬ ಕೊಂಡಿ ಇರುತ್ತದೆ. ತೆರೆದರೆ ‘ಡ್ರೈವರ್ಸ್’ ಎಂಬ ಹಾಳೆ ಕಾಣುತ್ತದೆ. ಪಿಡಿಎಫ್ ಪ್ರಿಂಟರ್ ಪಟ್ಟಿಯಲ್ಲಿದ್ದರೆ ಮೊದಲು ಅದನ್ನು ತೆಗೆದು, ಸ್ಪೂಲರ್ ಸೇವೆಯನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿ, ಆಮೇಲೆ ಇಲ್ಲಿ ಡ್ರೈವರನ್ನು ಆರಿಸಿ ‘ರಿಮೂವ್’ ಒತ್ತಿ. ಈ ಕ್ರಮ ತಪ್ಪಿದರೆ ‘ಡ್ರೈವರ್ ಬಳಕೆಯಲ್ಲಿದೆ’ ಎಂದು ವಿಂಡೋಸ್ ಬಾಗಿಲು ಹಾಕುತ್ತದೆ. ಡ್ರೈವರ್ ಮಾತ್ರವೇ ಅಥವಾ ಅದರ ಪ್ಯಾಕೇಜೂ ಸೇರಿಯೇ ಎಂಬ ಪ್ರಶ್ನೆಗೆ ನನ್ನ ಸಲಹೆ, ಮೊದಲು ಡ್ರೈವರ್ ಮಾತ್ರ. ಬಳಿಕ ಫೀಚರ್ಸ್‌ನಲ್ಲಿ ಗುರುತು ತೆಗೆದು, ಮರುಪ್ರಾರಂಭಿಸಿ, ಗುರುತು ಹಾಕುವ ಕೆಲಸ ಮತ್ತೊಮ್ಮೆ.

ಗುರುತು ಹಾಕುವಾಗಲೇ ದೋಷದ ಸಂಖ್ಯೆ ಬಂದರೆ, ವಿಂಡೋಸ್‌ನ ಒಳಕಡತಗಳೇ ಹಾಳಾಗಿರುವ ಸಂಭವ ಹೆಚ್ಚು. ವಿಂಡೋಸ್ 11ರಲ್ಲಿ ಹಲವರಿಗೆ ಹೀಗೆ ಎದುರಾಗಿರುವುದು 0ಎಕ್ಸ್800ಎಫ್0922 ಎಂಬ ಸಂಖ್ಯೆ. ಸ್ಟಾರ್ಟ್ ಮೆನುವಿನಲ್ಲಿ ‘ಕಮಾಂಡ್ ಪ್ರಾಂಪ್ಟ್’ ಹುಡುಕಿ, ಬಲ ಕ್ಲಿಕ್ಕಿಸಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆಯಿರಿ. ಅಲ್ಲಿ ಎರಡು ಆಜ್ಞೆಗಳನ್ನು ಒಂದಾದ ಮೇಲೊಂದು ಕೊಡಬೇಕು, ಇಂಗ್ಲಿಷ್ ಅಕ್ಷರಗಳಲ್ಲಿ. ಮೊದಲನೆಯದು: ಡಿಐಎಸ್‌ಎಂ, ಜಾಗ ಬಿಟ್ಟು ಓರೆಗೆರೆ ಆನ್‌ಲೈನ್, ಜಾಗ ಬಿಟ್ಟು ಓರೆಗೆರೆ ಕ್ಲೀನಪ್, ಕಿರುಗೆರೆ, ಇಮೇಜ್, ಜಾಗ ಬಿಟ್ಟು ಓರೆಗೆರೆ ರಿಸ್ಟೋರ್‌ಹೆಲ್ತ್. ಎರಡನೆಯದು: ಎಸ್‌ಎಫ್‌ಸಿ, ಜಾಗ ಬಿಟ್ಟು ಓರೆಗೆರೆ, ಸ್ಕ್ಯಾನ್ ಮತ್ತು ನೌ ಎಂಬ ಪದಗಳನ್ನು ಕೂಡಿಸಿ ಬರೆದದ್ದು. ಓರೆಗೆರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವುದು, ಹಿಮ್ಮುಖವಾಗಿ ಬಾಗಿದ್ದಲ್ಲ. ಮೊದಲ ಆಜ್ಞೆಗೆ ಇಂಟರ್ನೆಟ್ ಬೇಕು, ಹಾಳಾದ ಕಡತಗಳಿಗೆ ಬದಲಿಯನ್ನು ಅದು ವಿಂಡೋಸ್ ಅಪ್‌ಡೇಟ್‌ನಿಂದ ತರುತ್ತದೆ. ನಡುವೆ ಶೇಕಡಾವಾರು ಅಂಕಿ ಬಹಳ ಹೊತ್ತು ಅಲ್ಲಾಡದೆ ನಿಲ್ಲುವುದುಂಟು. ಕೆಟ್ಟಿದೆ ಎಂದು ಕಿಟಕಿ ಮುಚ್ಚಬೇಡಿ.

ಅದಕ್ಕೂ ಬಗ್ಗದಿದ್ದರೆ ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಒಂದು ಒಳ್ಳೆಯ ದಾರಿ ಇದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂದು ಹೋದರೆ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಎಂಬುದರ ಎದುರು ‘ರಿಇನ್‌ಸ್ಟಾಲ್ ನೌ’ ಗುಂಡಿ ಇರುತ್ತದೆ. ಹೆಸರು ಕೇಳಿ ಹೆದರಬೇಕಿಲ್ಲ. ಅದು ಈಗಿರುವ ವಿಂಡೋಸ್ ಆವೃತ್ತಿಯನ್ನೇ ಮತ್ತೆ ಇಳಿಸಿ ಹಾಕುತ್ತದೆ. ನಿಮ್ಮ ಕಡತಗಳು, ತಂತ್ರಾಂಶಗಳು, ಹೊಂದಿಕೆಗಳು ಉಳಿಯುತ್ತವೆ. ಇಳಿಕೆ ದೊಡ್ಡದು, ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಮಾಡಿದರೆ ದಿನದ ಡೇಟಾ ಖಾಲಿ. ಹಾಗೆಯೇ ಅದರ ಕೆಳಗಿನ ‘ರಿಸೆಟ್ ದಿಸ್ ಪಿಸಿ’ಯನ್ನು ಅವಸರದಲ್ಲಿ ಒತ್ತಿಬಿಡಬೇಡಿ. ಕಡತ ಉಳಿಸಿಕೊಳ್ಳುವ ಆಯ್ಕೆ ಕೊಟ್ಟರೂ ನೀವು ಹಾಕಿಕೊಂಡ ತಂತ್ರಾಂಶಗಳನ್ನು ಅದು ತೆಗೆದುಹಾಕುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೂ ಈವರೆಗಿನ ಉಳಿದ ವಿಧಾನಗಳು ಅದರಲ್ಲಿ ಎಂದಿನಂತೆ ನಡೆಯುತ್ತವೆ.

ಹೆಸರಿದೆ, ಕಡತವಿಲ್ಲ

ಪ್ರಿಂಟ್ ಒತ್ತಿದ ಮೇಲೆ ಏನೂ ಆಗದಂತೆ ಕಂಡರೆ ಆಲ್ಟ್ ಮತ್ತು ಟ್ಯಾಬ್ ಒತ್ತಿ ನೋಡಿ. ಉಳಿಸುವ ಕಿಟಕಿ ತೆರೆದ ತಂತ್ರಾಂಶದ ಬೆನ್ನ ಹಿಂದೆ ಅಡಗಿ ಕೂತಿರುವುದು ಅಪರೂಪವಲ್ಲ. ಕಡತ ಉಳಿದಿದೆ, ಎಲ್ಲಿ ಎಂದು ತಿಳಿಯುತ್ತಿಲ್ಲ ಎಂದರೆ ಹಿಂದಿನ ಸಲ ಯಾವ ಫೋಲ್ಡರ್ ಬಳಸಿದ್ದಿರೋ ಅಲ್ಲಿ ನೋಡಿ. ಸಿಗದಿದ್ದರೆ ಡಾಕ್ಯುಮೆಂಟ್ಸ್ ಫೋಲ್ಡರನ್ನು ದಿನಾಂಕದ ಪ್ರಕಾರ ಜೋಡಿಸಿ.

ಪ್ರಿಂಟರ್ ಹೆಸರಿನ ಮೇಲೆ ಕ್ಲಿಕ್ಕಿಸಿ ಸರದಿಯ ಕಿಟಕಿ ತೆರೆದು, ‘ಪಾಝ್’ (ತಾತ್ಕಾಲಿಕ ನಿಲುಗಡೆ) ಅಥವಾ ‘ಯೂಸ್ ಪ್ರಿಂಟರ್ ಆಫ್‌ಲೈನ್’ ಆಗಿದೆಯೇ ಪರೀಕ್ಷಿಸಿ. ಡಾಕ್ಯುಮೆಂಟ್ಸ್‌ಗೆ ಉಳಿಯದೆ ಬೇರೆಡೆ ಉಳಿಯುತ್ತಿದ್ದರೆ, ವಿಂಡೋಸ್ ಸೆಕ್ಯುರಿಟಿಯಲ್ಲಿ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಅಡಿ ಇರುವ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಆಗಿರಬಹುದು. ಅದನ್ನು ಆಫ್ ಮಾಡುವ ಬದಲು ನಿಮ್ಮ ತಂತ್ರಾಂಶಕ್ಕೆ ಮಾತ್ರ ಅನುಮತಿ ಕೊಡಿ.

ಕಾಗದ ಬೇಕಿದ್ದಾಗ ಪಿಡಿಎಫ್, ಪಿಡಿಎಫ್ ಬೇಕಿದ್ದಾಗ ಕಾಗದ ಬರುವ ಕಿರಿಕಿರಿಗೆ ಕಾರಣ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಪುಟದಲ್ಲಿರುವ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್’. ಆನ್ ಇದ್ದರೆ ಕೊನೆಯ ಸಲ ಬಳಸಿದ್ದನ್ನೇ ವಿಂಡೋಸ್ ಮುಂದಿನ ಸಲಕ್ಕೂ ಹಿಡಿದುಕೊಳ್ಳುತ್ತದೆ. ಆಫ್ ಮಾಡಿ, ನಿಮಗೆ ಬೇಕಾದ್ದನ್ನು ನೀವೇ ನಿಗದಿಪಡಿಸಿ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ಪಿಡಿಎಫ್ ಪ್ರಿಂಟರ್ ಎಂಬ ಸಾಲನ್ನು ಹುಡುಕಬಾರದು. ಪ್ರಿಂಟ್ ಕಿಟಕಿಯ ಕೆಳಗಡೆ ‘ಪಿಡಿಎಫ್’ ಎಂಬ ಪುಟ್ಟ ಗುಂಡಿ ಇದೆ, ಅದರೊಳಗೆ ‘ಸೇವ್ ಆ್ಯಸ್ ಪಿಡಿಎಫ್’. ಅಡೋಬಿ ರೀಡರ್ ತನ್ನದೇ ಪ್ರಿಂಟ್ ಕಿಟಕಿ ತೆರೆಯುವುದರಿಂದ ಅಲ್ಲಿ ಈ ಗುಂಡಿ ಕಾಣುವುದಿಲ್ಲ. ‘ಪ್ರಿಂಟರ್’ ಎಂಬ ಗುಂಡಿಯಿಂದ ಒಳಹೊಕ್ಕು ಪ್ರಯತ್ನಿಸಿದರೂ ಅದು ಒಪ್ಪುವುದಿಲ್ಲ, ಫೈಲ್ ಮೆನುವಿನಿಂದ ಉಳಿಸಿ ಎನ್ನುತ್ತದೆ. ಅದೇ ಕಡತವನ್ನು ‘ಪ್ರಿವ್ಯೂ’ನಲ್ಲಿ ತೆರೆದರೆ ತೊಡಕಿಲ್ಲ. ಪ್ರಿಂಟ್ ವ್ಯವಸ್ಥೆಯೇ ಕೆಟ್ಟಿದೆ ಎನಿಸಿದರೆ ಪ್ರಿಂಟರ್‌ಗಳ ಪಟ್ಟಿಯ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ಕಿಸಿ ‘ರಿಸೆಟ್ ಪ್ರಿಂಟಿಂಗ್ ಸಿಸ್ಟಮ್’ ಆರಿಸಬಹುದು, ಆದರೆ ಅದು ಸೇರಿಸಿದ್ದ ಪ್ರಿಂಟರ್‌ಗಳನ್ನೆಲ್ಲ ಒರೆಸಿಹಾಕುತ್ತದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಬಹುತೇಕ ತಂತ್ರಾಂಶಗಳಿಗೆ ‘ಪ್ರಿಂಟ್ ಟು ಫೈಲ್’ ಸಾಕು. ಅದಿಲ್ಲದವಕ್ಕೆ ಕಪ್ಸ್-ಪಿಡಿಎಫ್ ಪ್ಯಾಕೇಜ್ ಹಾಕಿದರೆ ಪಿಡಿಎಫ್ ಪ್ರಿಂಟರ್ ಸೇರಿಕೊಳ್ಳುತ್ತದೆ. ಅದು ಎಲ್ಲಿ ಉಳಿಸಲಿ ಎಂದು ಕೇಳುವುದಿಲ್ಲ. ಹೋಮ್ ಫೋಲ್ಡರಿನಲ್ಲಿರುವ ‘ಪಿಡಿಎಫ್’ ಫೋಲ್ಡರಿನಲ್ಲಿ ನೋಡಿ.

ಬೇರೆ ಪಿಡಿಎಫ್ ಪ್ರಿಂಟರ್ ಹಾಕಿಕೊಳ್ಳುವುದಾದರೆ

ವಿಂಡೋಸ್ 7ರವರಿಗೆ ಇದು ಅನಿವಾರ್ಯ. ಪಿಡಿಎಫ್24 ಕ್ರಿಯೇಟರ್, ಡೂಪಿಡಿಎಫ್, ಪಿಡಿಎಫ್‌ಕ್ರಿಯೇಟರ್ ಇವು ಬಹುಕಾಲದಿಂದ ಇರುವ ಹೆಸರುಗಳು. ನಿಮ್ಮ ವಿಂಡೋಸ್ ಆವೃತ್ತಿಗೆ ಒಗ್ಗುತ್ತದೆಯೇ ಎಂದು ನೋಡಿ, ಆಯಾ ತಯಾರಕರ ಜಾಲತಾಣದಿಂದಲೇ ಇಳಿಸಿ. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಜಾಹೀರಾತು ಕೊಂಡಿಯನ್ನು ಒತ್ತುವ ಅಭ್ಯಾಸವೇ ಬೇಡದ ಟೂಲ್‌ಬಾರ್‌ಗಳಿಗೆ ಬಾಗಿಲು ತೆರೆಯುವುದು. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಇನ್ನೂ ಎಚ್ಚರ ಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಎಂಬ ಭದ್ರತಾ ಆಯ್ಕೆ ಬಂದಿದೆ. ಅದನ್ನು ಆನ್ ಮಾಡಿದರೆ ಹೊರಗಿನ ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳು ಕೆಲಸ ಮಾಡುವುದಿಲ್ಲ. ಹೀಗೆ ಹಾಕಿಕೊಂಡಿದ್ದ ಪಿಡಿಎಫ್ ಪ್ರಿಂಟರ್ ಇದ್ದಕ್ಕಿದ್ದಂತೆ ಕಾಣೆಯಾಗಿದ್ದರೆ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಲ್ಲಿ ಈ ಆಯ್ಕೆಯನ್ನು ನೋಡಿ.

ಮರಳಿ ಬಂದ ಮೇಲೆ ಗಮನಿಸಬೇಕಾದ್ದು

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಅಂದರೆ ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ಅಕ್ಷರಗಳಲ್ಲಿ ಬರೆದ ಪತ್ರವನ್ನು ಪಿಡಿಎಫ್ ಮಾಡಿದರೆ ನೋಡಲು ಸರಿಯಾಗಿಯೇ ಇರುತ್ತದೆ, ಅಕ್ಷರದ ಆಕಾರಗಳು ಕಡತದೊಳಗೆ ಸೇರಿರುತ್ತವೆ. ಆದರೆ ಅದರಿಂದ ನಕಲಿಸಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಬೀಳುತ್ತದೆ. ಅದು ಪಿಡಿಎಫ್ ಪ್ರಿಂಟರಿನ ದೋಷವಲ್ಲ, ಮತ್ತೆ ಹಾಕಿದರೆ ಸರಿಹೋಗುವುದೂ ಇಲ್ಲ. ಮೂಲವನ್ನು ಯುನಿಕೋಡ್‌ಗೆ ಬದಲಿಸಿಕೊಂಡು ಪಿಡಿಎಫ್ ಮಾಡಬೇಕು. ಯುನಿಕೋಡ್ ಕನ್ನಡದಲ್ಲೂ ಪ್ರಿಂಟ್ ಮಾರ್ಗದಿಂದ ಬಂದ ಪಿಡಿಎಫ್‌ನಲ್ಲಿ ನಕಲಿಸುವಾಗ ಒತ್ತಕ್ಷರಗಳು, ಸ್ವರಚಿಹ್ನೆಗಳು ಜಾಗ ಬದಲಿಸುವುದುಂಟು. ಪದ ಹುಡುಕಲು, ನಕಲಿಸಲು ಬೇಕಾಗುವ ಕಡತವಾದರೆ ಮೂಲ ದಾಖಲೆಯನ್ನೂ ಇಟ್ಟುಕೊಳ್ಳಿ.

ಡಿಜಿಟಲ್ ಸಹಿ ಇರುವ ಕಡತಗಳನ್ನು, ಉದಾಹರಣೆಗೆ ಇ-ಆಧಾರ್ ಪ್ರತಿಯನ್ನು, ಪಿಡಿಎಫ್‌ಗೆ ಪ್ರಿಂಟ್ ಮಾಡಬೇಡಿ. ಹೊಸ ಕಡತದಲ್ಲಿ ಸಹಿಯ ಚಿತ್ರ ಉಳಿಯುತ್ತದೆ, ಪರಿಶೀಲಿಸಬಹುದಾದ ಸಹಿ ಹೋಗುತ್ತದೆ. ಅಲ್ಲಿ ಕಾಣುವ ಹಸಿರು ಗುರುತು ಬರೀ ಬಣ್ಣ. ಇಂಥದ್ದನ್ನು ಬ್ರೌಸರ್‌ನಲ್ಲಿ ತೆರೆದಾಗ ಮೇಲಿರುವ ಡೌನ್‌ಲೋಡ್ ಗುಂಡಿಯಿಂದ ಮೂಲವನ್ನೇ ಇಳಿಸಿಕೊಳ್ಳಿ. ಗುಪ್ತಪದ ಹಾಕಿದ ಕಡತವನ್ನು ತೆರೆದು ಪ್ರಿಂಟ್ ಟು ಪಿಡಿಎಫ್ ಮಾಡಿದರೆ ಹುಟ್ಟುವ ಪ್ರತಿಗೆ ಗುಪ್ತಪದದ ಕಾವಲೇ ಇರುವುದಿಲ್ಲ. ಸೈಬರ್ ಕೇಂದ್ರದ ಯಂತ್ರದಲ್ಲಿ ಹಾಗೆ ಮಾಡಿದ್ದರೆ ಹೊರಡುವ ಮೊದಲು ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಮೂರರಲ್ಲೂ ಹುಡುಕಿ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.